ಗ್ರೀಕ್ ವೈನಿನ ಐವತ್ತು ವರ್ಷ

ಗ್ರೀಕ್ ವೈನಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೋಮರನಿಂದಲೋ ಮದ್ಯದೇವತೆ ಡಯೊನೈಸಸ್‌ನಿಂದಲೋ ಆರಂಭಿಸಿ, ಸಾವಿರಾರು ವರ್ಷಗಳ ಅಖಂಡ ಪರಂಪರೆಯೆಂದು ಹೊಗಳುತ್ತಾರೆ. ಅದು ಹಳೆಯದೆಂಬುದರಲ್ಲಿ ಅನುಮಾನವಿಲ್ಲ. ಅಖಂಡವೆಂಬುದನ್ನು ಒಪ್ಪುವುದು ಕಷ್ಟ. ಅಸಿರ್ಟಿಕೊ, ಕ್ಸಿನೊಮಾವ್ರೊ, ಮಲಗೂಸಿಯಾ ಮೊದಲಾದ ಸ್ಥಳೀಯ ದ್ರಾಕ್ಷಿ ತಳಿಗಳ ಹೆಸರು ಇಂದು ಹೊರದೇಶಗಳ ವೈನ್ ಪಟ್ಟಿಗಳಲ್ಲಿ ಕಾಣಿಸುತ್ತಿದ್ದರೆ, ಅದಕ್ಕೆ ಮುಖ್ಯ ಕಾರಣ ಕಳೆದ ಐವತ್ತು ವರ್ಷಗಳಲ್ಲಿ ನಡೆದ ಕೆಲಸ.

ಮಧ್ಯಯುಗದಲ್ಲಿ ಪರಿಸ್ಥಿತಿ ಬೇರೆಯೇ ಇತ್ತು. ದಕ್ಷಿಣ ಗ್ರೀಸಿನ ಪೆಲೊಪೊನೀಸ್‌ನ ಮೊನೆಂವಾಸಿಯಾ ಬಂದರಿನ ಹೆಸರು ಹೊತ್ತ ಮಾಲ್ವಾಸಿಯಾ ಎಂಬ ಸಿಹಿ ವೈನನ್ನು ವೆನಿಸ್ ವರ್ತಕರು ಇಂಗ್ಲೆಂಡಿನವರೆಗೂ ಸಾಗಿಸುತ್ತಿದ್ದರು. ವೆನಿಸ್‌ನ ವಶದಲ್ಲಿದ್ದ ಕ್ರೀಟ್ 1669ರಲ್ಲಿ ಆಟೊಮನ್ನರ ಕೈಸೇರುವ ಹೊತ್ತಿಗೆ ಈ ವ್ಯಾಪಾರದ ವೈಭವ ಕಳೆದಿತ್ತು. ಆಟೊಮನ್ ಆಳ್ವಿಕೆಯಲ್ಲಿ ಕ್ರೈಸ್ತ ರೈತರು ತೆರಿಗೆ ತೆತ್ತು ವೈನ್ ತಯಾರಿಸುತ್ತಲೇ ಇದ್ದರಾದರೂ, ಅದು ಬಹುಮಟ್ಟಿಗೆ ಮನೆಯ ಮತ್ತು ಊರಿನ ಬಳಕೆಗೆ ಸೀಮಿತವಾಯಿತು.

ಸ್ವಾತಂತ್ರ್ಯಾನಂತರದ ಗ್ರೀಸಿನಲ್ಲಿ ದ್ರಾಕ್ಷಿಯಿಂದ ಹಣ ಬಂದದ್ದು ನಿಜ, ಆದರೆ ವೈನಿನಿಂದಲ್ಲ. ಬ್ರಿಟನ್ನಿನ ಕೇಕು ಮತ್ತು ಪುಡ್ಡಿಂಗುಗಳಿಗೆ ಬೇಕಾಗಿದ್ದ ಸಣ್ಣ ಕಪ್ಪು ಒಣದ್ರಾಕ್ಷಿ ದೇಶದ ಪ್ರಮುಖ ರಫ್ತಾಗಿತ್ತು. ಫಿಲಾಕ್ಸೆರಾ ಎಂಬ ಸೂಕ್ಷ್ಮ ಹೇನು ಬಳ್ಳಿಗಳ ಬೇರನ್ನು ಹಾಳುಗೆಡವಿ ಫ್ರಾನ್ಸಿನ ತೋಟಗಳನ್ನು ನಾಶಮಾಡಿದಾಗ, ಅಲ್ಲಿನ ತಯಾರಕರು ಇದೇ ಒಣದ್ರಾಕ್ಷಿಯನ್ನು ನೆನೆಸಿ ವೈನ್ ಮಾಡತೊಡಗಿದರು. ಬೇಡಿಕೆ ಏರಿತು, ರೈತರು ಇತರ ಬೆಳೆಗಳನ್ನು ಬಿಟ್ಟು ಒಣದ್ರಾಕ್ಷಿಯ ಬಳ್ಳಿಗಳನ್ನೇ ನೆಟ್ಟರು. ಫ್ರಾನ್ಸಿನ ತೋಟಗಳು ಚೇತರಿಸಿಕೊಂಡು, ಅಲ್ಲಿನ ಸರ್ಕಾರ ಆಮದು ಸುಂಕವನ್ನು ಏರಿಸಿದಾಗ ಬೆಲೆ ಕುಸಿಯಿತು. 1893ರ ಡಿಸೆಂಬರಿನಲ್ಲಿ ಪ್ರಧಾನಿ ಹರಿಲಾವೋಸ್ ತ್ರಿಕೂಪಿಸ್ ದೇಶ ದಿವಾಳಿಯಾಗಿದೆಯೆಂದು ಘೋಷಿಸಬೇಕಾಯಿತು. ಪೆಲೊಪೊನೀಸ್‌ನ ಸಾವಿರಾರು ಕುಟುಂಬಗಳ ಮಕ್ಕಳು ಅಮೆರಿಕಕ್ಕೆ ವಲಸೆ ಹೋದರು.

ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಹೊರಗಿನವರಿಗೆ ಗ್ರೀಕ್ ವೈನ್ ಎಂದರೆ ರೆಟ್ಸಿನಾ. ಅಥೆನ್ಸ್ ಸುತ್ತಲಿನ ಅಟಿಕಾ ಪ್ರಾಂತ್ಯದ ಸವ್ವಾಟಿಯಾನೊ ದ್ರಾಕ್ಷಿಯ ರಸ ಹುದುಗುವಾಗ ಪೈನ್ ಮರದ ರಾಳ ಬೆರೆಸಿ ಮಾಡುವ ಈ ಪಾನೀಯವನ್ನು ಪ್ರವಾಸಿಗರು ಬೇಸಿಗೆಯ ನೆನಪಾಗಿ ಮೆಚ್ಚಿದರೂ ಗೌರವಿಸಲಿಲ್ಲ. ಸವ್ವಾಟಿಯಾನೊಗೆ ಇದರಿಂದ ಅನ್ಯಾಯವೇ ಆಯಿತೆನ್ನಬೇಕು. ರಾಳವಿಲ್ಲದೆ, ಹಳೆಯ ಬಳ್ಳಿಗಳ ಹಣ್ಣಿನಿಂದ ಮಾಡಿದಾಗ ಅದು ಸೊಗಸಾದ ಬಿಳಿ ವೈನಾಗುತ್ತದೆ.

ತಿರುವು ಬಂದದ್ದು ಕಾನೂನಿನಿಂದ. 1937ರಲ್ಲಿ ಸ್ಥಾಪನೆಯಾಗಿದ್ದ ಅಥೆನ್ಸಿನ ವೈನ್ ಸಂಸ್ಥೆಯನ್ನು ಮುನ್ನಡೆಸಿದ ರಸಾಯನ ವಿಜ್ಞಾನಿ ಸ್ತಾವ್ರೂಲಾ ಕುರಾಕು-ದ್ರಾಗೋನಾ ಅವರ ಪರಿಶ್ರಮದಿಂದ, ಯಾವ ಊರಿನ ಹೆಸರಿನಲ್ಲಿ ಯಾವ ತಳಿಯ ವೈನನ್ನು ಮಾರಬಹುದೆಂಬ ನಿಯಮಗಳು ರೂಪುಗೊಂಡವು. 1971ರಲ್ಲಿ ನೌಸಾ ಎಂಬ ಹೆಸರು ಕ್ಸಿನೊಮಾವ್ರೊಗೆ, ನೆಮೆಯಾ ಆಗಿಯೊರ್ಗಿಟಿಕೊಗೆ, ಮಂಟಿನಿಯಾ ಮುಖ್ಯವಾಗಿ ಮೊಸ್ಕೊಫಿಲೆರೊಗೆ, ಸ್ಯಾಂಟೊರಿನಿ ಮುಖ್ಯವಾಗಿ ಅಸಿರ್ಟಿಕೊಗೆ ಮೀಸಲಾದವು. ಫ್ರಾನ್ಸಿನ ಮಾದರಿಯ ವ್ಯವಸ್ಥೆಯೇ ಫ್ರೆಂಚ್ ತಳಿಗಳು ಈ ಊರುಗಳ ಹೆಸರಿನೊಳಗೆ ನುಸುಳದಂತೆ ತಡೆಯಿತು. ಅದೇ ಕಾಲದಲ್ಲಿ, ಫಿಲಾಕ್ಸೆರಾ ಮತ್ತು ಯುದ್ಧಗಳಿಂದ ಬರಿದಾಗಿದ್ದ ನೌಸಾದ ಇಳಿಜಾರುಗಳಲ್ಲಿ ಯಾನಿಸ್ ಬುಟಾರಿಸ್ ಕ್ಸಿನೊಮಾವ್ರೊ ಬಳ್ಳಿಗಳನ್ನು ಮತ್ತೆ ನೆಡತೊಡಗಿದ್ದರು. ಹುಳಿಯೂ ಒಗರೂ ಹೆಚ್ಚಿರುವ ಈ ಕೆಂಪು ದ್ರಾಕ್ಷಿಯ ವೈನು ಹದಕ್ಕೆ ಬರಲು ವರ್ಷಗಳು ಬೇಕು. ಅದರ ಮೇಲೆ ಬಂಡವಾಳ ಹೂಡಲು ಧೈರ್ಯವೂ ಬೇಕಿತ್ತು. ಇದೇ ಬುಟಾರಿಸ್ ಮುಂದೆ ಥೆಸಲೊನೀಕಿಯ ಮೇಯರ್ ಆದರು.

ಮಲಗೂಸಿಯಾದ ಕತೆ ಇನ್ನೂ ಸೂಕ್ಷ್ಮವಾದದ್ದು. ಪಶ್ಚಿಮ ಗ್ರೀಸಿನ ಈ ಪರಿಮಳದ ಬಿಳಿ ತಳಿ ಬಹುತೇಕ ಕಣ್ಮರೆಯಾಗಿತ್ತು. ಥೆಸಲೊನೀಕಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಸಿಲಿಸ್ ಲೊಗೊಥೆಟಿಸ್ ಅದರ ಬಳ್ಳಿಗಳನ್ನು ಹುಡುಕಿ ಉಳಿಸಿದರು. 1970ರ ದಶಕದಲ್ಲಿ ಹಾಲ್ಕಿಡಿಕಿಯ ಪೋರ್ಟೊ ಕರಾಸ್ ತೋಟದಲ್ಲಿ ತಜ್ಞರಾಗಿದ್ದ ಯುವಕ ಇವಾಂಗೆಲೊಸ್ ಗೆರೊವಸಿಲಿಯು ಅದರಿಂದ ವೈನ್ ತಯಾರಿಸಿ, ಬಳಿಕ ಎಪನೊಮಿಯ ತಮ್ಮ ಸ್ವಂತ ಜಮೀನಿನಲ್ಲಿ ಬೆಳೆಸಿದರು. ಪೋರ್ಟೊ ಕರಾಸ್‌ನ ಹೆಸರು ಹರಡಿದ್ದು ಮಾತ್ರ ಕ್ಯಾಬರ್ನೆಯಂಥ ಫ್ರೆಂಚ್ ತಳಿಗಳಿಂದ ಎಂಬುದು ವಿಚಿತ್ರ.

ಸ್ಯಾಂಟೊರಿನಿ ದ್ವೀಪದಲ್ಲಿ ಅಸಿರ್ಟಿಕೊವನ್ನು ಕಾಪಾಡಿದ್ದು ಮಣ್ಣು. ಸುಮಾರು 3,600 ವರ್ಷಗಳ ಹಿಂದಿನ ಜ್ವಾಲಾಮುಖಿ ಸ್ಫೋಟದ ಬೂದಿ ಮತ್ತು ಪ್ಯೂಮಿಸ್ ಕಲ್ಲಿನ ಆ ನೆಲದಲ್ಲಿ ಜೇಡಿಯ ಅಂಶ ತೀರಾ ಕಡಿಮೆಯಾದ್ದರಿಂದ ಫಿಲಾಕ್ಸೆರಾ ಅಲ್ಲಿ ಬದುಕಲಾರದು. ಬಳ್ಳಿಗಳು ಕಸಿಯಿಲ್ಲದೆ ಸ್ವಂತ ಬೇರಿನ ಮೇಲೆಯೇ ನಿಂತಿವೆ. ಬಿರುಗಾಳಿಯಿಂದ ಕಾಯಿಗಳನ್ನು ಉಳಿಸಲು ರೈತರು ಬಳ್ಳಿಯನ್ನು ನೆಲದ ಮೇಲೆಯೇ ಬುಟ್ಟಿಯಂತೆ ಸುತ್ತುತ್ತಾರೆ. ಗೊಂಚಲು ಒಳಗಡೆ ತೂಗುತ್ತದೆ. ಸುಡುವ ಬಿಸಿಲಿನಲ್ಲೂ ಹುಳಿ ಕಳೆದುಕೊಳ್ಳದಿರುವುದು ಈ ತಳಿಯ ದೊಡ್ಡ ಗುಣ.

ಈ ಗುಣವೇ ಅದನ್ನು ದ್ವೀಪದಿಂದ ಹೊರಗೆ ಕೊಂಡೊಯ್ದಿದೆ. ಗ್ರೀಸಿನ ಮುಖ್ಯ ಭೂಭಾಗದಲ್ಲೂ ಆಸ್ಟ್ರೇಲಿಯದ ಕ್ಲೇರ್ ಕಣಿವೆಯಲ್ಲೂ ಈಗ ಅಸಿರ್ಟಿಕೊ ಬೆಳೆಯುತ್ತಿದೆ. ದ್ವೀಪದಲ್ಲಾದರೋ ಹೋಟೆಲುಗಳಿಗಾಗಿ ಜಮೀನಿನ ಬೆಲೆ ಏರಿದೆ, ಮಳೆ ಕೈಕೊಟ್ಟಿದೆ, ಇಳುವರಿ ಇಳಿದು ವೈನು ದುಬಾರಿಯಾಗಿದೆ. ಬೇರೆಡೆಯ ಅಸಿರ್ಟಿಕೊಗೆ ಸ್ಯಾಂಟೊರಿನಿ ಎಂಬ ಹೆಸರು ಹಾಕುವಂತಿಲ್ಲ. ಆದರೆ ಅಗ್ಗವಾಗಿ ಸಿಗುವಾಗ ಎಷ್ಟು ಮಂದಿ ಗ್ರಾಹಕರು ಊರಿನ ಹೆಸರಿಗಾಗಿ ಹೆಚ್ಚು ಹಣ ತೆರುತ್ತಾರೆ ಎಂಬುದರ ಮೇಲೆ ದ್ವೀಪದ ರೈತರ ಮುಂದಿನ ಲೆಕ್ಕಾಚಾರ ನಿಂತಿದೆ.