ಪೈಲಟ್ ಆಗಬೇಕೆನ್ನುವವರು ಕೋಚಿಂಗ್‌ಗೆ ಮೊದಲು ಕಣ್ಣು ತೋರಿಸಿ

ಪಿಯುಸಿ ರಿಸಲ್ಟ್ ಬಂದ ಮೇಲೆ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಒಂದು ಗುಂಪಿಗೆ ಕಣ್ಣಿನ ಕಾಯಿಲೆಯೇ ಇರುವುದಿಲ್ಲ. ಹದಿನೇಳು, ಹದಿನೆಂಟರ ಹುಡುಗ ಅಥವಾ ಹುಡುಗಿ, ಜೊತೆಗೆ ಅಪ್ಪ, ಅಪ್ಪನ ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. 'ಏರ್‌ಫೋರ್ಸಿಗೆ ಹಾಕ್ಸಿದೀವಿ ಡಾಕ್ಟ್ರೇ, ಪೈಲಟ್ಟಿಗೆ. ಕಣ್ಣೊಂದು ನೋಡ್ಬಿಡಿ' ಎನ್ನುತ್ತಾರೆ. ಫೈಲು ಬಿಚ್ಚಿದರೆ ಮೊದಲು ಸಿಗುವುದು ಕೋಚಿಂಗ್ ಸೆಂಟರಿನ ರಸೀದಿ. ದುಡ್ಡು ಕಟ್ಟಿ, ಬ್ಯಾಚ್ ಸೇರಿ, ಅರ್ಧ ಪಾಠ ಮುಗಿದ ಮೇಲೆ ಕಣ್ಣು ತೋರಿಸಲು ಬಂದಿರುತ್ತಾರೆ. ಈ ಅಂಕಣದಲ್ಲಿ ನಾನು ಹೇಳಬೇಕಾದ್ದು ಇಷ್ಟೇ: ಇದನ್ನು ತಿರುಗಿಸಿ ಮಾಡಿ. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೈಸೂರಿನ ಮಕ್ಕಳಿಗೆ ಈ ಆಸೆ ಹುಟ್ಟುವುದು ಸಹಜ. ವಾಯುಪಡೆಗೆ ಅಧಿಕಾರಿಗಳನ್ನು ಆರಿಸುವ ಎರಡನೇ ನಂಬರಿನ ಆಯ್ಕೆ ಮಂಡಳಿ ನಮ್ಮೂರಲ್ಲೇ ಇದೆ. ದಸರೆಯ ಏರ್‌ಶೋನಲ್ಲಿ ಬನ್ನಿಮಂಟಪದ ಮೇಲೆ ವಿಮಾನಗಳು ಮಗುಚಿ ಹಾರುವುದನ್ನು ಕತ್ತೆತ್ತಿ ನೋಡಿ ಬೆಳೆದವರು ಇವರು. ಪಿಯುಸಿ ಆದವರಿಗಿರುವ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ ಅಥವಾ ಪದವೀಧರರಿಗಿರುವ ವಾಯುಪಡೆಯ ಎಎಫ್‌ಕ್ಯಾಟ್ ಪರೀಕ್ಷೆ ಬರೆದು, ಆಯ್ಕೆ ಮಂಡಳಿಯ ಐದು ದಿನದ ಸಂದರ್ಶನ ದಾಟಿ, ಜೀವಮಾನದಲ್ಲಿ ಒಂದೇ ಸಲ ಕೂರಲು ಬಿಡುವ ಸಿಪಿಎಸ್‌ಎಸ್ ಎಂಬ ಪೈಲಟ್ ಪರೀಕ್ಷೆಯನ್ನೂ ಪಾಸು ಮಾಡಿದರೆ ಆಮೇಲೆ ಬರುವುದು ವೈದ್ಯಕೀಯ ಪರೀಕ್ಷೆ. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಅದನ್ನು ನಡೆಸುವ ಮುಖ್ಯ ಜಾಗಗಳಲ್ಲೊಂದು, 1957ರಲ್ಲಿ ಶುರುವಾದದ್ದು. ವರ್ಷಗಟ್ಟಲೆ ಓದಿ, ಸಾವಿರಾರು ಜನರನ್ನು ಹಿಂದೆ ಹಾಕಿ ಅಲ್ಲಿಗೆ ಹೋದವರನ್ನು ಕಣ್ಣಿಗೆ ಹಾಕುವ ಒಂದು ಹನಿ ಔಷಧಿ, ಒಂದು ಎಕ್ಸ್‌ರೇ ಮನೆಗೆ ಕಳಿಸಿಬಿಡಬಹುದು. ಆ ಹನಿಯನ್ನು ಮೈಸೂರಿನಲ್ಲೋ ಮಂಡ್ಯದಲ್ಲೋ ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲೇ ಹಾಕಿಸಿಕೊಂಡಿದ್ದರೆ ವಿಷಯ ಆಗಲೇ ಗೊತ್ತಾಗಿರುತ್ತಿತ್ತು.

ಕಣ್ಣಿನಿಂದಲೇ ಶುರು ಮಾಡೋಣ, ನನ್ನ ಕಸುಬು ಅದೇ. ಹಾರಾಟ ವಿಭಾಗಕ್ಕೆ ಒಂದು ಕಣ್ಣು ಕನ್ನಡಕವಿಲ್ಲದೆ 6/6 ಓದಬೇಕು. ಇನ್ನೊಂದು 6/9 ಇದ್ದರೂ ನಡೆಯುತ್ತದೆ, ಆದರೆ ಗಾಜು ಹಾಕಿದಾಗ ಅದೂ 6/6ಕ್ಕೆ ಬರಬೇಕು. 6/9 ಎಂದರೆ ಸರಿಯಿರುವ ಕಣ್ಣು 9 ಮೀಟರಿನಿಂದ ಓದುವ ಅಕ್ಷರವನ್ನು ನೀವು 6 ಮೀಟರಿಗೆ ಬಂದು ಓದಿದಿರಿ ಎಂದರ್ಥ. ಅದರ ಜೊತೆಗೆ ದೂರದ್ದನ್ನು ಮಸುಕಾಗಿಸುವ ಮೈನಸ್ ಪವರ್ ಇರಕೂಡದು, ಹತ್ತಿರದ್ದಕ್ಕೆ ತಿಣುಕಿಸುವ ಪ್ಲಸ್ ಸ್ವಲ್ಪ ಇದ್ದರೆ ಅಡ್ಡಿಯಿಲ್ಲ. ಇದೇನು ತಾರತಮ್ಯ ಎಂದು ಬಹಳ ಜನ ಕೇಳುತ್ತಾರೆ. ಸಣ್ಣ ಪ್ಲಸ್ ಇರುವ ಎಳೆಯ ಕಣ್ಣು ಒಳಗಿನ ಮಸೂರವನ್ನು ಉಬ್ಬಿಸಿ ತನ್ನ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಮೈನಸ್ ಕಣ್ಣಿಗೆ ಆ ಉಪಾಯವಿಲ್ಲ. ಸಾಲದ್ದಕ್ಕೆ ಹದಿನೆಂಟರಲ್ಲಿ ಅರ್ಧ ಇದ್ದದ್ದು ಇಪ್ಪತ್ತೆರಡಕ್ಕೆ ಒಂದೂವರೆ ಆಗಿರಬಹುದು.

ಇಲ್ಲೊಂದು ಎಡವಟ್ಟು ನಮ್ಮ ಕಡೆ ತುಂಬಾ ನಡೆಯುತ್ತದೆ. ಪಿಯು ಹಾಸ್ಟೆಲಿನಲ್ಲಿ ಬೆಳಗಿನ ಜಾವದಿಂದ ರಾತ್ರಿವರೆಗೆ ಪುಸ್ತಕ, ಆಮೇಲೆ ಹೊದಿಕೆಯೊಳಗೆ ಮೊಬೈಲು. ಹತ್ತಿರದ್ದನ್ನೇ ನೋಡೀ ನೋಡೀ ಕಣ್ಣೊಳಗಿನ ಸ್ನಾಯು ಬಿಗಿದುಕೊಂಡು ಸಡಿಲವಾಗುವುದನ್ನೇ ಮರೆಯುತ್ತದೆ. ಬೋರ್ಡು ಮಸುಕಾಗುತ್ತದೆ. ಕನ್ನಡಕದ ಅಂಗಡಿಗೆ ಹೋದರೆ ಕಂಪ್ಯೂಟರ್ ಚೆಕಪ್ ಮೆಷಿನ್ನು ಮೈನಸ್ ಮುಕ್ಕಾಲು ಎಂದು ಚೀಟಿ ಕೊಡುತ್ತದೆ. ಮೆಷಿನ್ನಿನ ತಪ್ಪೇನಿಲ್ಲ, ಆ ಗಳಿಗೆಯಲ್ಲಿ ಕಣ್ಣು ಹಾಗೇ ಇತ್ತು. ಶ್ರೀರಂಗಪಟ್ಟಣದ ಕಡೆಯ ಒಬ್ಬ ಹುಡುಗಿ ಹೀಗೇ ಆರು ತಿಂಗಳು ಕನ್ನಡಕ ಹಾಕಿಕೊಂಡು, ಪೈಲಟ್ ಆಗುವ ಮಾತನ್ನೇ ಬಿಟ್ಟು, ತಲೆನೋವು ಎಂದು ಬಂದಳು. ಸ್ನಾಯು ಸಡಿಲಿಸುವ ಹನಿ ಹಾಕಿ, ಹೊರಗಿನ ಬೆಂಚಿನ ಮೇಲೆ ಒಂದು ಗಂಟೆ ಕೂರಿಸಿ, ಆಮೇಲೆ ಕತ್ತಲೆ ಕೋಣೆಯಲ್ಲಿ ಕಣ್ಣೊಳಗೆ ಬೆಳಕು ಬಿಟ್ಟು ಪವರ್ ಅಳೆಯುವ ರೆಟಿನೋಸ್ಕೋಪಿನ ಬೆಳಕಿನ ಗೆರೆ ಓಡಿಸಿ ನೋಡಿದರೆ ಮೈನಸ್ಸಿನ ಸುಳಿವೇ ಇಲ್ಲ, ಒಂದು ಕೂದಲೆಳೆಯಷ್ಟು ಪ್ಲಸ್. ಬರಿಗಣ್ಣಿನಲ್ಲಿ 6/6ರ ಸಾಲನ್ನು ಗಡಗಡನೆ ಓದಿದಳು. 'ಹಂಗಾದ್ರೆ ಕನ್ನಡ್ಕದ ದುಡ್ಡು ದಂಡ ಅನ್ನಿ' ಎಂದರು ಅವರಪ್ಪ.

ಉಲ್ಟಾ ಕತೆಯೂ ಉಂಟು. ಬೋರ್ಡನ್ನೆಲ್ಲ ಸಲೀಸಾಗಿ ಓದುವ ಹುಡುಗನಿಗೆ ಹನಿ ಹಾಕಿದರೆ ಅಡಗಿಕೊಂಡಿದ್ದ ದೊಡ್ಡ ಪ್ಲಸ್ ಹೊರಗೆ ಬರುತ್ತದೆ. ಅವನಿಗೆ 'ಕಣ್ಣಿನ ತೊಂದರೆ ಇದೆ' ಎಂದು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ. ಎರಡೂ ಕಡೆ ಪಾಠ ಒಂದೇ, ಹನಿ ಹಾಕದ ಪರೀಕ್ಷೆಯನ್ನು ನಂಬಿಕೊಂಡು ಹೌದು ಅಂತಲೂ ಅಲ್ಲ ಅಂತಲೂ ನಿರ್ಧರಿಸಬೇಡಿ.

ನಿಜವಾಗಿಯೂ ಮೈನಸ್ ಇದ್ದವರು ಕೇಳುವುದು ಲೇಸರಿನಿಂದ ಪವರ್ ತೆಗೆಯುವ ಲೇಸಿಕ್ ಆಪರೇಷನ್ ಬಗ್ಗೆ. ಈ ವಿಷಯದಲ್ಲಿ ಅವಸರಪಟ್ಟು ಮಾಡಿಕೊಳ್ಳುವ ನಷ್ಟವನ್ನು ಆಮೇಲೆ ತುಂಬಿಸಲು ಆಗುವುದಿಲ್ಲ. ಪದವಿ ಮುಗಿಸಿ ಎಎಫ್‌ಕ್ಯಾಟ್ ಮೂಲಕ ಹೋಗುವವರಿಗೆ ವಾಯುಪಡೆ ಲೇಸಿಕ್ ಆದ ಕಣ್ಣನ್ನು ಒಪ್ಪುತ್ತದೆ, ಆದರೆ ಷರತ್ತುಗಳಿವೆ. ಆಪರೇಷನ್ 20 ವರ್ಷ ತುಂಬುವ ಮೊದಲು ಆಗಿರಬಾರದು. ಆದ ಮೇಲೆ ಯಾವ ತೊಡಕೂ ಇಲ್ಲದೆ 12 ತಿಂಗಳು ಕಳೆದಿರಬೇಕು. ಉಳಿದ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) 450 ಮೈಕ್ರಾನಿಗಿಂತ, ಅಂದರೆ 0.45 ಮಿಲಿಮೀಟರಿಗಿಂತ ತೆಳ್ಳಗಿರಬಾರದು. ಮೊದಲು ಇದ್ದ ಪವರ್ 6ಕ್ಕಿಂತ ಹೆಚ್ಚಿರಬಾರದು. ಕಣ್ಣುಗುಡ್ಡೆಯ ಉದ್ದಕ್ಕೂ ಒಂದು ಮಿತಿ ಇದೆ. ಈ ಕೊನೆಯದು ಬಹಳ ಜನಕ್ಕೆ ತಿಳಿದಿರುವುದಿಲ್ಲ. ಮೈನಸ್ ಕಣ್ಣು ಸಾಮಾನ್ಯವಾಗಿ ಉದ್ದನೆಯ ಕಣ್ಣು. ಒಂದು ಮಿಲಿಮೀಟರ್ ಉದ್ದವಾದರೆ ಹತ್ತಿರ ಹತ್ತಿರ ಎರಡೂವರೆ, ಮೂರು ಪವರ್ ಏರುತ್ತದೆ. ಲೇಸಿಕ್ ಮುಂದಿನ ಕಾರ್ನಿಯಾವನ್ನು ಸವೆಸುತ್ತದೆಯೇ ಹೊರತು ಉದ್ದ ಹಾಗೇ ಉಳಿಯುತ್ತದೆ, ಹಿಂದೆ ಎಳೆದುಕೊಂಡು ತೆಳ್ಳಗಾದ ರೆಟಿನಾವೂ ಹಾಗೇ ಇರುತ್ತದೆ.

ಈಗ ಲೆಕ್ಕ ಹಾಕಿ. ಎನ್‌ಡಿಎಗೆ ಸೇರುವ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಅಂದರೆ ಆ ದಾರಿಯಲ್ಲಿ ಲೇಸಿಕ್ಕಿಗೆ ಜಾಗವೇ ಇಲ್ಲ. ಎಎಫ್‌ಕ್ಯಾಟ್ ಹಾರಾಟ ವಿಭಾಗಕ್ಕೆ 20ರಿಂದ 24. ಇಪ್ಪತ್ತು ತುಂಬಿದ ಮೇಲೆ, ಪವರ್ ನಿಂತಿದೆ ಎಂದು ಖಾತ್ರಿಯಾದ ಮೇಲೆ ಮಾಡಿಸಿಕೊಂಡರೆ ಡಿಗ್ರಿ ಮುಗಿಯುವ ಹೊತ್ತಿಗೆ ವರ್ಷವೂ ತುಂಬಿರುತ್ತದೆ. ಮದ್ದೂರಿನ ಕಡೆಯ ಒಬ್ಬ ಹುಡುಗನ ಮನೆಯವರು ಇದನ್ನು ಕೇಳದೆ, ಎನ್‌ಡಿಎ ಬರೆಸಬೇಕೆಂದು ಹದಿನೆಂಟಕ್ಕೇ ಆಪರೇಷನ್ ಮಾಡಿಸಿಬಿಟ್ಟಿದ್ದರು. ಆಪರೇಷನ್ ಒಂದಿಷ್ಟೂ ಕೆಟ್ಟಿರಲಿಲ್ಲ; ನನಗಿಂತ ಚೆನ್ನಾಗಿ ಓದುತ್ತಿದ್ದ. ಆದರೆ ಎನ್‌ಡಿಎಗೂ ಆಗಲಿಲ್ಲ, ಇಪ್ಪತ್ತಕ್ಕೆ ಮುಂಚೆ ಮಾಡಿಸಿದ್ದರಿಂದ ಎಎಫ್‌ಕ್ಯಾಟ್ ಹಾರಾಟಕ್ಕೂ ಆಗಲಿಲ್ಲ. 'ಹೇಳದೇ ಇದ್ರೆ ಗೊತ್ತಾಗುತ್ತಾ ಸಾರ್?' ಎಂದು ಕೇಳಿದರು. ಗೊತ್ತಾಗುತ್ತದೆ. ಕಾರ್ನಿಯಾದ ಮೇಲ್ಮೈ ನಕ್ಷೆ ತೆಗೆದರೆ ಚಪ್ಪಟೆಯಾದ ನಡುಭಾಗ ಎದ್ದು ಕಾಣುತ್ತದೆ.

ಮನೆಯಲ್ಲಿ ಇನ್ನೂ ಮಿಡ್ಲ್‌ಸ್ಕೂಲಿನ ಮಗು ಇದ್ದರೆ ದಿನಕ್ಕೆ ಎರಡು ಗಂಟೆ ಬಯಲಿನಲ್ಲಿ ಆಡಲು ಬಿಡಿ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಇರುವ ಮಕ್ಕಳಿಗೆ ಮೈನಸ್ ಬರುವುದು ಕಡಿಮೆ. ಆಗಲೇ ಬಂದಿದ್ದರೆ ಅದರ ಓಟವನ್ನು ನಿಧಾನಿಸುವ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ ಇದೆ. ವೈದ್ಯರನ್ನು ಕೇಳಿಯೇ ಹಾಕಬೇಕು. ಕ್ಯಾರೆಟ್ ರಸ, ಯೂಟ್ಯೂಬಿನ ಕಣ್ಣಿನ ವ್ಯಾಯಾಮ, ಹರಳೆಣ್ಣೆ, ಇವುಗಳಿಂದ ಪವರ್ ಇಳಿದದ್ದನ್ನು ನಾನು ಕಂಡಿಲ್ಲ.

ಬಣ್ಣದ ದೃಷ್ಟಿಗೆ ಚಿಕಿತ್ಸೆಯಿಲ್ಲ. ಹಾರಾಟ ವಿಭಾಗಕ್ಕೆ ಅತ್ಯುನ್ನತ ದರ್ಜೆಯದೇ ಬೇಕು. ಕೆಂಪು ಹಸಿರು ಗುರುತಿಸದ ಈ ದೋಷ ಹೆಚ್ಚಾಗಿ ತಾಯಿಯ ತಂದೆಯಿಂದ ತಾಯಿಯ ಮೂಲಕ ಮೊಮ್ಮಗನಿಗೆ ಇಳಿಯುತ್ತದೆ, ನಡುವೆ ತಾಯಿಗೆ ಏನೂ ಇರುವುದಿಲ್ಲ. ಚುಕ್ಕಿಗಳ ನಡುವೆ ಅಂಕಿ ಹುಡುಕುವ ಇಶಿಹಾರಾ ಪುಸ್ತಕವನ್ನು ಕೆಲವರು ಬಾಯಿಪಾಠ ಮಾಡಿಕೊಂಡು ಹೋಗುತ್ತಾರಂತೆ. ಅಲ್ಲಿ ಲ್ಯಾಂಟರ್ನ್ ಪರೀಕ್ಷೆಯೂ ಇದೆ. ಕತ್ತಲೆಯಲ್ಲಿ ಸೂಜಿಮೊನೆಯಂಥ ದೀಪಗಳನ್ನು ತೋರಿಸಿ ಬಣ್ಣ ಹೇಳು ಎಂದಾಗ ಬಾಯಿಪಾಠ ಉಪಯೋಗಕ್ಕೆ ಬರುವುದಿಲ್ಲ.

ಉಳಿದ ಅಂಗಗಳ ಬಗ್ಗೆ ನನ್ನ ಸಹೋದ್ಯೋಗಿಗಳನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. ಎತ್ತರ ಕನಿಷ್ಠ 162.5 ಸೆಂ.ಮೀ. ಕುಳಿತಾಗಿನ ಎತ್ತರ 81.5ರಿಂದ 96, ಕಾಲಿನ ಉದ್ದ 99ರಿಂದ 120, ತೊಡೆಯ ಉದ್ದ 64 ಸೆಂ.ಮೀ. ಮೀರಬಾರದು. ತೊಡೆ ಉದ್ದವಾದವರು ತುರ್ತಾಗಿ ಸೀಟಿನೊಂದಿಗೆ ಹೊರಗೆ ಚಿಮ್ಮುವಾಗ ಮಂಡಿ ಮುಂದಿನ ಫಲಕಕ್ಕೆ ಬಡಿಯುತ್ತದೆ. ಇದನ್ನು ಮನೆಯಲ್ಲಿ ಗೋಡೆಗೆ ಒರಗಿ ಕೂತು ಟೇಪಿನಲ್ಲಿ ಅಂದಾಜು ನೋಡಿಕೊಳ್ಳಬಹುದು.

ಬೆನ್ನುಮೂಳೆಯೇ ಹೆಚ್ಚು ಜನರನ್ನು ಕಂಗೆಡಿಸುವುದು. ಕಬಡ್ಡಿ ಆಡುವ, ಗದ್ದೆಯಲ್ಲಿ ಮೂಟೆ ಹೊರುವ ಹುಡುಗನ ಎಕ್ಸ್‌ರೇಯಲ್ಲಿ ಸೊಂಟದ ಕೊನೆಯ ಮೂಳೆ ಒಂದೇ ಪಕ್ಕದಲ್ಲಿ ಕೆಳಗಿನ ತ್ರಿಕಾಸ್ಥಿಗೆ ಅಂಟಿಕೊಂಡಿರುತ್ತದೆ. ಹುಟ್ಟಿನಿಂದ ಬಂದದ್ದು. ನೋವಿಲ್ಲ, ಮನೆಯಲ್ಲಿದ್ದರೆ ಸಾಯುವವರೆಗೂ ಗೊತ್ತಾಗುತ್ತಿರಲಿಲ್ಲ. ಆದರೆ ಯುದ್ಧವಿಮಾನದ ಇಜೆಕ್ಷನ್ ಸೀಟು ಚಿಮ್ಮುವ ಆ ಕ್ಷಣದಲ್ಲಿ ಬೆನ್ನಿನ ಮೇಲೆ 12ರಿಂದ 20 ಜಿ ಬಲ ಬೀಳುತ್ತದೆ. 15 ಜಿ ಎಂದರೂ 60 ಕೆ.ಜಿ. ಆಳು 900 ಕೆ.ಜಿ. ತೂಗಿದ ಹಾಗೆ. ಎರಡೂ ಪಕ್ಕ ಸಮವಾಗಿಲ್ಲದ ಮೂಳೆ ಆಗ ಎಲ್ಲಿ ಸೀಳುತ್ತದೋ ಹೇಳಲಾಗದು. ಬೆನ್ನು ಪಕ್ಕಕ್ಕೆ ಬಾಗಿದ್ದು 15 ಡಿಗ್ರಿ ಮೀರಿದರೂ ಇದೇ ಗತಿ, ಹಾರಾಟಕ್ಕೆ ಅನರ್ಹ. ಬೆನ್ನಿನ ಎಕ್ಸ್‌ರೇ ಒಂದನ್ನು ಮೊದಲೇ ತೆಗೆಸಿ ಮೂಳೆ ವೈದ್ಯರಿಗೆ ತೋರಿಸಿ, 'ಹಾರಾಟಕ್ಕೆ ನೋಡ್ಬೇಕು' ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರು 'ಏನೂ ತೊಂದರೆಯಿಲ್ಲ' ಎಂದೇ ಕಳಿಸುತ್ತಾರೆ, ಮಾಮೂಲಿ ಬದುಕಿಗೆ ತೊಂದರೆ ಇರುವುದೂ ಇಲ್ಲ.

ಕಿವಿಗೆ ಎರಡೂ ಕಡೆ 610 ಸೆಂ.ಮೀ. ದೂರದಿಂದ ಪಿಸುಮಾತು ಕೇಳಬೇಕು, ಗುಗ್ಗೆ ತೆಗೆಸಿಕೊಂಡು ಹೋಗಿ. ಗಟ್ಟಿ ಹಲ್ಲುಗಳನ್ನು ಎಣಿಸಿ ಅಂಕ ಕೊಡುತ್ತಾರೆ, ಕನಿಷ್ಠ 14 ಬೇಕು. ಹುಳುಕು ತುಂಬಿಸಿಕೊಳ್ಳಿ, ಕೀಳಿಸುವ ಮುನ್ನ ಯೋಚಿಸಿ. ರಕ್ತಹೀನತೆಯನ್ನು ತಿಂಗಳ ಮೊದಲೇ ಸರಿಮಾಡಿಕೊಳ್ಳಬಹುದು, ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ಹರ್ನಿಯಾ, ಮೂಲವ್ಯಾಧಿ ಇದ್ದರೆ ಆಪರೇಷನ್ ಆದ ಮೇಲೆ ಕಾಯುವ ಅವಧಿ ಇರುತ್ತದೆ, ಆದ್ದರಿಂದ ಮುಂದೂಡಬೇಡಿ. ಟ್ಯಾಟೂ ಮುಂಗೈಯ ಒಳಮೈ, ಅಂಗೈಯ ಹಿಂಬದಿ ಬಿಟ್ಟು ಬೇರೆಡೆ ಬೇಡ. ಎದೆಯ ಮೇಲೆ ಯುದ್ಧವಿಮಾನದ ಚಿತ್ರ ಬರೆಸಿಕೊಂಡು ಬಂದವನೊಬ್ಬನಿಗೆ ಇದನ್ನು ಹೇಳಬೇಕಾಗಿ ಬಂತು.

ಇನ್ನು ವೇವರ್, ಅಂದರೆ ನಿಯಮದಿಂದ ವಿನಾಯಿತಿ ಕೊಡುವ ವಿಚಾರ. ಮೊಬೈಲಿನಲ್ಲಿ ಹುಡುಕುವ ಮಕ್ಕಳಿಗೆ ಸಿಗುವುದು ಬಹುಪಾಲು ಅಮೆರಿಕದ ಮಾಹಿತಿ. ಅಲ್ಲಿ ಹದಿಮೂರು ದಾಟಿದ ಮೇಲೂ ಆಸ್ತಮಾ ಇದ್ದವನು ನಿಯಮದ ಪ್ರಕಾರ ಅನರ್ಹನಾದರೂ, ದಾಖಲೆ ಕೊಟ್ಟು ವಿನಾಯಿತಿ ಕೇಳಬಹುದು. ಸೇನೆ ಅವನ ಪ್ರಕರಣವನ್ನು ಪ್ರತ್ಯೇಕವಾಗಿ ತೂಗಿ ನೋಡಿ ಕೊಡಲೂಬಹುದು. ಇದನ್ನು ಓದಿಕೊಂಡು ಬಂದವರು 'ನಮಗೂ ಒಂದು ಲೆಟರ್ ಕೊಡಿ ಸಾರ್, ವೇವರ್‌ಗೆ' ಎನ್ನುತ್ತಾರೆ. ನಾನು ಲೆಟರ್ ಕೊಟ್ಟರೆ ಅದಕ್ಕೆ ಬೆಲೆಯಿಲ್ಲ. ನಮ್ಮಲ್ಲಿ ಹೊಸದಾಗಿ ಸೇರುವ ಅಭ್ಯರ್ಥಿಗೆ ಇರುವುದು ಮೇಲ್ಮನವಿ. ಅನರ್ಹ ಎಂದರೆ ಅಪೀಲ್ ಮೆಡಿಕಲ್ ಬೋರ್ಡಿಗೆ ಹೋಗಬಹುದು. ಅಲ್ಲೂ ಆಗದಿದ್ದರೆ ರಿವ್ಯೂ ಬೋರ್ಡು ಕೇಳಬಹುದು, ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಎರಡು ಕಡೆಯೂ ಅಳತೆಗೋಲು ಮೊದಲಿನದೇ, ಅಳೆಯುವವರು ಮಾತ್ರ ಬೇರೆ. ಹಾಗಾಗಿ ಗಾಬರಿಯಿಂದ ಬಿಪಿ ಏರಿತ್ತು, ತೂಕ ಹೆಚ್ಚಿತ್ತು, ಗುಗ್ಗೆಯಿಂದ ಕಿವಿ ಮಂದವಾಗಿತ್ತು ಎಂಬಂಥವಕ್ಕೆ ಅಪೀಲು ಖಂಡಿತ ಹಾಕಿ, ಹೇಳಿದ ಗಡುವಿನೊಳಗೆ ಹಾಕಿ. ಬಣ್ಣದ ದೃಷ್ಟಿಗೆ, ಅಂಟಿಕೊಂಡ ಮೂಳೆಗೆ ಅಪೀಲು ಹಾಕಿ ಮತ್ತೆ ಓಡಾಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

'ಹಾಗಾದ್ರೆ ಆಗಲೇ ಪೈಲಟ್ ಆಗಿರೋರಿಗೆ ಕನ್ನಡಕ ಇರುತ್ತಲ್ಲ?' ಎಂದು ಒಬ್ಬ ತಾಯಿ ಕೇಳಿದರು. ಒಳ್ಳೆಯ ಪ್ರಶ್ನೆ. ಸೇವೆಯಲ್ಲಿರುವವರಿಗೆ ಪೂರ್ತಿ ಅರ್ಹರೆಂಬ ಎ1ಜಿ1 ದರ್ಜೆಯಿಂದ ಕೆಳಗಿಳಿಯುವ ದರ್ಜೆಗಳಿವೆ, ಕಾಯಿಲೆ ನೋಡಿ ಕೆಲವರನ್ನು ಜೊತೆಗೊಬ್ಬ ಪೈಲಟ್ ಇದ್ದರೆ ಮಾತ್ರ ಹಾರಲು ಬಿಡುತ್ತಾರೆ. ಕೋಟಿಗಟ್ಟಲೆ ಖರ್ಚು ಮಾಡಿ ತಯಾರು ಮಾಡಿದ, ವರ್ಷಗಳ ಅನುಭವವಿರುವ ಪೈಲಟನ್ನು ಉಳಿಸಿಕೊಳ್ಳುವ ಲೆಕ್ಕ ಅದು. ಬಾಗಿಲಲ್ಲಿ ನಿಂತಿರುವವನಿಗೆ ಆ ಲೆಕ್ಕ ಹಾಕುವುದಿಲ್ಲ.

ಚಿಕ್ಕಂದಿನ ಆಸ್ತಮಾ, ಫಿಟ್ಸ್, ಆಪರೇಷನ್ನುಗಳನ್ನು ಮುಚ್ಚಿಡಲು ಹೇಳಿಕೊಡುವವರ ಮಾತು ಕೇಳಬೇಡಿ. ಫಿಟ್ಸ್ ಎಂದರೆ ಎಲ್ಲವೂ ಒಂದೇ ಅಲ್ಲ; ಎಳೆಗೂಸಿಗೆ ಜ್ವರದಲ್ಲಿ ಬಂದು ಹೋದದ್ದನ್ನು ಬೇರೆಯಾಗಿಯೇ ನೋಡುತ್ತಾರೆ. ಹಳೆಯ ಆಸ್ಪತ್ರೆ ಚೀಟಿ ಇದ್ದರೆ ಜೋಪಾನವಾಗಿಡಿ, ಅದೇ ನಿಮ್ಮ ಪರವಾದ ಸಾಕ್ಷಿ.

ಮೈನಸ್ ಕಣ್ಣಿನವರಿಗೆ ವಿಮಾನವೇ ನಿಷಿದ್ಧ ಎಂದೇನಿಲ್ಲ. ವಾಯುಪಡೆಯ ನೆಲದ ವಿಭಾಗಗಳಲ್ಲಿ ಕಣ್ಣಿನ ನಿಯಮ ಸಡಿಲ. ನಾಗರಿಕ ವಿಮಾನದ ಪೈಲಟ್ಟಿಗೆ ಕನ್ನಡಕ ಅಡ್ಡಿಯಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಮಾನ್ಯ ಮಾಡಿದ ಕಡೆ ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಪಾಸಾಗಬೇಕು. ಮಂಡಕಳ್ಳಿಯ ರನ್‌ವೇ ಕಡೆ ಸುಮ್ಮನೆ ಒಂದು ಬೆಳಿಗ್ಗೆ ಹೋದರೆ ತರಬೇತಿ ವಿಮಾನಗಳು ಸುತ್ತುಹಾಕುವುದು ಕಾಣುತ್ತದೆ. ಆ ಫೀಸು ಕಟ್ಟುವ ಮುಂಚೆಯೂ ಮೆಡಿಕಲ್ ಮುಗಿಸಿಕೊಳ್ಳಿ, ಅಲ್ಲಿನ ಮೊತ್ತದ ಮುಂದೆ ಕೋಚಿಂಗ್ ರಸೀದಿ ಏನೇನೂ ಅಲ್ಲ.

ನನ್ನಲ್ಲಿಗೇ ಬರಬೇಕೆಂದಿಲ್ಲ, ಹನಿ ಹಾಕಿ ರೆಟಿನೋಸ್ಕೋಪಿ ಮಾಡುವ ಯಾವ ಕಣ್ಣಿನ ವೈದ್ಯರಾದರೂ ಸರಿ. ಆ ವರ್ಷದ ಅಧಿಸೂಚನೆಯ ವೈದ್ಯಕೀಯ ಪುಟಗಳನ್ನು ಪ್ರಿಂಟ್ ತೆಗೆದು ತನ್ನಿ, ಅಂಕಿಗಳು ಆಗಾಗ ಬದಲಾಗುತ್ತವೆ. ಹನಿ ಹಾಕಿದ ದಿನ ಸಂಜೆಯವರೆಗೂ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಟೆಸ್ಟಿನ ಹಿಂದಿನ ದಿನ ಬರಬೇಡಿ, ಬೈಕಿನಲ್ಲಿ ಒಬ್ಬರೇ ಬರಬೇಡಿ.