ಟಿಕೆಟ್ ನಕ್ಷೆಯಲ್ಲಿ ಕಾಣದ ಅಭಿಮಾನಿಗಳು

ಅಟ್ಲಾಂಟಾ ಬ್ರೇವ್ಸ್ ಅಮೆರಿಕದ ಹೆಸರಾಂತ ಬೇಸ್‌ಬಾಲ್ ತಂಡ. ಊರ ನಡುವಿನ ತನ್ನ ಸ್ಟೇಡಿಯಂ ಟರ್ನರ್ ಫೀಲ್ಡ್ ಬಿಟ್ಟು ಹೊರವಲಯಕ್ಕೆ ಹೋಗುತ್ತೇವೆಂದು 2013ರ ನವೆಂಬರ್‌ನಲ್ಲಿ ಹೇಳಿದಾಗ ಅದು ಒಂದು ನಕ್ಷೆಯನ್ನೂ ತೋರಿಸಿತು. 2012ರಲ್ಲಿ ಟಿಕೆಟ್ ಕೊಂಡವರು ಎಲ್ಲೆಲ್ಲಿ ಇದ್ದಾರೆಂದು ಅದರಲ್ಲಿ ಕೆಂಪು ಚುಕ್ಕೆಗಳಿದ್ದವು. ಊರಿನ ಉತ್ತರದ ಬಡಾವಣೆಗಳಲ್ಲಿ ಚುಕ್ಕೆಗಳು ಒತ್ತೊತ್ತಾಗಿದ್ದವು. ಅಭಿಮಾನಿಗಳು ಇರುವ ಕಡೆಗೇ ನಾವೂ ಹೋಗುತ್ತಿದ್ದೇವೆ ಎಂಬುದು ತಂಡದ ವಾದ.

ನಾನು ಸಾರಿಗೆ ಯೋಜನೆಯ ಕೆಲಸ ಮಾಡುವವನು. ಇಂಥ ನಕ್ಷೆ ಮುಂದೆ ಬಂದಾಗ, ಇದರಲ್ಲಿ ಯಾರು ಇಲ್ಲ ಅಂತ ಮೊದಲು ಹುಡುಕುತ್ತೇನೆ. ಮುಂಚಿತವಾಗಿ ಕಾರ್ಡಿನಲ್ಲಿ ಟಿಕೆಟ್ ಕೊಂಡವರ ವಿಳಾಸ ತಂಡಕ್ಕೆ ಸಿಗುತ್ತದೆ. ಸಂಜೆ ಕೆಲಸ ಮುಗಿಸಿ ನೇರ ಗೇಟಿಗೆ ಬಂದು, ನಗದು ಕೊಟ್ಟು ಒಳಗೆ ಹೋದವರ ವಿಳಾಸ ಎಲ್ಲೂ ದಾಖಲಾಗುವುದಿಲ್ಲ. ಒಬ್ಬರು ನಾಲ್ಕು ಟಿಕೆಟ್ ಕೊಂಡರೆ ಉಳಿದ ಮೂವರು ಎಲ್ಲಿಂದ ಬಂದರೋ ಗೊತ್ತಾಗುವುದಿಲ್ಲ. ನೋಡುವ ಆಸೆಯಿದ್ದೂ ದಾರಿ ಸರಿಯಿಲ್ಲದೆ ಮನೆಯಲ್ಲೇ ಉಳಿದವರ ಲೆಕ್ಕವಂತೂ ಯಾರ ಹತ್ತಿರವೂ ಇರುವುದಿಲ್ಲ. ಹೊಸ ಜಾಗ ಆರಿಸುವಾಗ ಈ ಜನರೇ ಮೊದಲು ಕೈಬಿಟ್ಟು ಹೋಗುತ್ತಾರೆ.

2017ರಲ್ಲಿ ಹೊಸ ಸ್ಟೇಡಿಯಂ ತೆರೆಯಿತು. ಈಗ ಅದರ ಹೆಸರು ಟ್ರೂಯಿಸ್ಟ್ ಪಾರ್ಕ್. ಆಸನಗಳು ಸುಮಾರು 41,000. ಇರುವುದು ಕಾಬ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು), ಐ-75 ಮತ್ತು ಐ-285 ಎಂಬ ಎರಡು ಭಾರಿ ಹೆದ್ದಾರಿಗಳು ಕೂಡುವ ಮೂಲೆಯಲ್ಲಿ. ಅಟ್ಲಾಂಟಾದ ಮೆಟ್ರೊ ರೈಲು ನಡೆಸುವುದು ಮಾರ್ಟಾ ಎಂಬ ಸಂಸ್ಥೆ. ಅದರ ಹಳಿ ಕಾಬ್‌ಗೆ ಹೋಗಿಯೇ ಇಲ್ಲ. 1965ರಲ್ಲೇ ಅಲ್ಲಿನ ಮತದಾರರು ಮಾರ್ಟಾಗೆ ಸೇರುವುದು ಬೇಡ ಎಂದಿದ್ದರು.

ಹಳೇ ಜಾಗ ಸ್ವರ್ಗವೇನೂ ಆಗಿರಲಿಲ್ಲ. ಟರ್ನರ್ ಫೀಲ್ಡ್‌ನ ಗೇಟಿಗೂ ರೈಲು ಬರುತ್ತಿರಲಿಲ್ಲ. ಜಾರ್ಜಿಯಾ ಸ್ಟೇಟ್ ನಿಲ್ದಾಣದಲ್ಲಿ ಇಳಿದು ಒಂದು ಕಿಲೋಮೀಟರ್‌ಗಿಂತ ಜಾಸ್ತಿ ನಡೆಯಬೇಕು, ಇಲ್ಲವೇ ಫೈವ್ ಪಾಯಿಂಟ್ಸ್‌ನಿಂದ ಪಂದ್ಯದ ದಿನದ ಷಟಲ್ ಬಸ್ ಹಿಡಿಯಬೇಕು. ಆದರೆ ಫೈವ್ ಪಾಯಿಂಟ್ಸ್ ಎಂದರೆ ಮಾರ್ಟಾದ ಮಾರ್ಗಗಳೆಲ್ಲ ಕೂಡುವ ಜಾಗ. ಊರಿನ ಯಾವ ದಿಕ್ಕಿನಿಂದ ಬಂದರೂ ಅಲ್ಲಿಗೆ ಮುಟ್ಟಬಹುದಿತ್ತು.

ಈಗ ಊರಿನ ದಕ್ಷಿಣ ಭಾಗದಲ್ಲಿ ಮನೆಯಿದ್ದು ಕಾರಿಲ್ಲದ ಒಬ್ಬರನ್ನು ನೆನೆಸಿಕೊಳ್ಳಿ. ಮೊದಲು ಬಸ್ಸಿನಲ್ಲಿ ರೈಲು ನಿಲ್ದಾಣಕ್ಕೆ ಬರಬೇಕು. ರೈಲಿನಲ್ಲಿ ಆರ್ಟ್ಸ್ ಸೆಂಟರ್ ನಿಲ್ದಾಣದವರೆಗೆ ಹೋಗಬೇಕು. ಅಲ್ಲಿ ಕಾಬ್ ಕೌಂಟಿಯ ಬಸ್ಸಿಗೆ ಕಾಯಬೇಕು. ಆ ಬಸ್ಸು ಹೋಗುವುದೂ ಸಂಜೆಯ ದಟ್ಟಣೆಯ ನಡುವೆಯೇ. ಇಳಿದ ಮೇಲೆ ಮತ್ತೆ ನಡಿಗೆ. ಹೋಗುವಾಗ ಹೇಗೋ ಆಗುತ್ತದೆ, ಕಷ್ಟ ಇರುವುದು ವಾಪಸ್ ಬರುವಾಗ. ಸಂಜೆಯ ದಟ್ಟಣೆ ಸ್ವಲ್ಪ ಇಳಿಯಲೆಂದು 2017ರಲ್ಲಿ ವಾರದ ದಿನಗಳ ಪಂದ್ಯವನ್ನು ರಾತ್ರಿ 7.35ಕ್ಕೆ ಶುರು ಮಾಡಿದರು. ಆಗ ಒಂದು ಪಂದ್ಯಕ್ಕೆ ಸರಾಸರಿ ಮೂರು ಗಂಟೆ ಹಿಡಿಯುತ್ತಿತ್ತು. ಕಾರಿನಲ್ಲಿ ಬರುವವರಿಗೆ ಅನುಕೂಲ ಮಾಡಿದ ಅದೇ ಬದಲಾವಣೆ, ಬಸ್ಸಿನವರನ್ನು ಕೊನೆಯ ಬಸ್ಸಿನ ಹೊತ್ತಿಗೆ ಇನ್ನಷ್ಟು ಹತ್ತಿರ ತಳ್ಳಿತು. ಬೆಳಗ್ಗೆ ಆರಕ್ಕೆ ಡ್ಯೂಟಿ ಇದ್ದವರು ಏನು ಮಾಡಬೇಕು? ಆಟ ರಂಗೇರಿದಾಗಲೇ ಎದ್ದು ಹೊರಡಬೇಕು, ಅಲ್ವಾ?

ಬೇಸ್‌ಬಾಲ್ ವಿಷಯದಲ್ಲಿ ಇದು ಇನ್ನೂ ಮುಖ್ಯ. ಒಂದು ತಂಡ ತವರಿನಲ್ಲಿ ವರ್ಷಕ್ಕೆ 81 ಪಂದ್ಯ ಆಡುತ್ತದೆ. ಹೆಚ್ಚಿನವು ವಾರದ ನಡುವೆ, ರಾತ್ರಿ ಹೊತ್ತು. ಇದು ವರ್ಷಕ್ಕೊಮ್ಮೆ ಸಡಗರದಿಂದ ಹೋಗಿ ಬರುವ ಆಟವಲ್ಲ. ಮನಸ್ಸು ಬಂದಾಗ ಸುಮ್ನೆ ಹೋಗಿ ಕೂತು ಬರುವ ಆಟ. ದಾರಿ ಕಷ್ಟವಾದರೆ ಮೊದಲು ನಿಲ್ಲುವುದು ಹೀಗೆ ಸುಮ್ನೆ ಹೋಗುವ ಅಭ್ಯಾಸವೇ. ತಿಂಡಿ ಮಾರುವವರು, ಕಸ ಗುಡಿಸುವವರು, ಗೇಟು ಕಾಯುವವರು ಅಷ್ಟೂ ದಿನ ಬಂದು ಹೋಗಲೇಬೇಕು. ಅವರು ಹೊರಡುವುದು ಪ್ರೇಕ್ಷಕರೆಲ್ಲ ಹೋದ ಮೇಲೆ.

ಜನ ಬರುವಾಗ ಎರಡು ಗಂಟೆಯುದ್ದಕ್ಕೂ ಚದುರಿ ಬರುತ್ತಾರೆ, ಹೋಗುವಾಗ ಅರ್ಧ ಗಂಟೆಯಲ್ಲಿ ಒಟ್ಟಿಗೇ ಹೊರಬೀಳುತ್ತಾರೆ. ಕಾರಿಗೆ ಎರಡೂವರೆ ಜನ ಎಂದು ಹಿಡಿದರೆ, ತುಂಬಿದ ಟ್ರೂಯಿಸ್ಟ್ ಪಾರ್ಕ್‌ಗೆ 16,000ಕ್ಕೂ ಹೆಚ್ಚು ಕಾರು. ಅಷ್ಟಕ್ಕೆ ಒಂದೇ ಕಡೆ ಜಾಗ ಸಿಗದೆ ಸುತ್ತಲಿನ ಕಚೇರಿಗಳ ಪಾರ್ಕಿಂಗ್ ಬಳಸುತ್ತಾರೆ. ಐ-285ರ ಆಚೆ ಕಾರು ನಿಲ್ಲಿಸಿ ನಡೆದು ಬರುವವರಿಗಾಗಿ ಒಂದು ಸೇತುವೆ ಯೋಜಿಸಿದ್ದರು. ಮೊದಲ ಪಂದ್ಯದ ಹೊತ್ತಿಗೆ ಅದೂ ಮುಗಿದಿರಲಿಲ್ಲ.

ಹಾಗಂತ ಸ್ಟೇಡಿಯಂ ಖಾಲಿ ಹೊಡೆಯಲಿಲ್ಲ. 2016ರಲ್ಲಿ ಸುಮಾರು 20 ಲಕ್ಷ ಇದ್ದ ಪ್ರೇಕ್ಷಕರ ಸಂಖ್ಯೆ 2017ರಲ್ಲಿ 25 ಲಕ್ಷವಾಯಿತು, 2022ರಲ್ಲಿ 31 ಲಕ್ಷ ಮುಟ್ಟಿತು. ತಂಡವೂ ಚೆನ್ನಾಗಿ ಆಡಿತು, 2021ರಲ್ಲಿ ಅಲ್ಲಿನ ಬೇಸ್‌ಬಾಲ್‌ನ ಚಾಂಪಿಯನ್ ಪಟ್ಟವಾದ ವರ್ಲ್ಡ್ ಸೀರೀಸ್ ಗೆದ್ದಿತು. ಪಕ್ಕದಲ್ಲೇ ಕಟ್ಟಿದ ಅಂಗಡಿ, ಹೋಟೆಲುಗಳ ಬ್ಯಾಟರಿ ಬಡಾವಣೆಯೂ ಜನರನ್ನು ಎಳೆಯಿತು. ವ್ಯಾಪಾರದ ಲೆಕ್ಕದಲ್ಲಿ ತಂಡಕ್ಕೆ ಲಾಭವೇ ಆಗಿದೆ, ಇದನ್ನು ಒಪ್ಪಬೇಕು. ಆದರೆ ಕೌಂಟಿಯ ತೆರಿಗೆದಾರರು ಇದಕ್ಕೆ ಹಾಕಿದ್ದು ಸುಮಾರು 30 ಕೋಟಿ ಡಾಲರ್. ಸಾರ್ವಜನಿಕರ ದುಡ್ಡು ಇಷ್ಟು ಹೋದ ಮೇಲೆ ಎಷ್ಟು ಜನ ಬಂದರು ಎಂದಷ್ಟೇ ಕೇಳಿದರೆ ಸಾಲದು, ಯಾರಿಗೆ ಬರಲಾಗುತ್ತಿಲ್ಲ ಎಂದೂ ಕೇಳಬೇಕು. ಬಸ್ ಜಾಲ ದೊಡ್ಡದು ಮಾಡಲು ಶೇ. 1ರ ಮಾರಾಟ ತೆರಿಗೆ ಹಾಕುವ ಪ್ರಸ್ತಾವ 2024ರ ನವೆಂಬರ್‌ನಲ್ಲಿ ಕಾಬ್ ಮತದಾರರ ಮುಂದೆ ಬಂತು. ಅದೂ ಬಿದ್ದುಹೋಯಿತು.

ಬೆಂಗಳೂರಿನವರು ಇದನ್ನು ಗಮನಿಸಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆಮೇಲೆ ಬೊಮ್ಮಸಂದ್ರದ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾಂಗಣ ಕಟ್ಟುವ ಯೋಜನೆಗೆ ಸರ್ಕಾರ ಒಪ್ಪಿತು. ಜನದಟ್ಟಣೆಯ ಭಯ ನಿಜವಾದದ್ದೇ. ಆದರೆ ಚಿನ್ನಸ್ವಾಮಿಗೆ ಕಬ್ಬನ್ ಪಾರ್ಕ್ ಮೆಟ್ರೊದಿಂದ ನಡೆದೇ ಹೋಗಬಹುದು. ಹಳದಿ ಮಾರ್ಗ ಬೊಮ್ಮಸಂದ್ರಕ್ಕೆ ಮುಗಿಯುತ್ತದೆ. ಅಲ್ಲಿಂದ ಗೇಟಿನವರೆಗೆ ಜನ ಹೇಗೆ ಹೋಗುತ್ತಾರೆ? ರಾತ್ರಿ ಹನ್ನೊಂದೂವರೆಗೆ ಪಂದ್ಯ ಮುಗಿದರೆ ಎಷ್ಟು ನಿಮಿಷಕ್ಕೊಂದು ರೈಲು, ಎಷ್ಟು ಹೊತ್ತಿನವರೆಗೆ? ಹೆಚ್ಚುವರಿ ಬಸ್ಸಿನ ಖರ್ಚು ಯಾರದು? ಟೆಂಡರ್ ಕರೆಯುವ ಮೊದಲೇ ಇವೆಲ್ಲ ಕಾಗದದ ಮೇಲೆ ಬರಬೇಕು. ಆ ಕಾಗದಕ್ಕೆ ಮೆಟ್ರೊ ನಿಗಮ ಮತ್ತು ಬಿಎಂಟಿಸಿ ಎರಡೂ ಸಹಿ ಹಾಕಿರಬೇಕು.