‘ಹೆಸರು, ಊರು ಬೇಡ’: ಮುಜುಗರದ ಕಥೆಗಳ ಮುನ್ನೂರು ವರ್ಷ

ವಾರಪತ್ರಿಕೆಗಳ ಸಲಹೆ ಅಂಕಣ ಓದಿದವರಿಗೆ ಈ ಸಹಿ ಚೆನ್ನಾಗಿ ಗೊತ್ತು: ‘ಹೆಸರು, ಊರು ಬೇಡ’. ಮೇಲೆ ಮಾನ ಹೋಗುವಂಥ ನಾಲ್ಕು ಸಾಲು, ಕೆಳಗೆ ಈ ಮೂರು ಪದ. ಎಷ್ಟೋ ಮನೆಗಳಲ್ಲಿ ಎಲ್ಲರೂ ಮೊದಲು ಓದುತ್ತಿದ್ದದ್ದೇ ಅದನ್ನು, ಕೇಳಿದರೆ ಮಾತ್ರ ಯಾರೂ ಓದಿರುತ್ತಿರಲಿಲ್ಲ. ಇವತ್ತು ಅದೇ ಕಥೆಗಳು ರೆಡ್ಡಿಟ್ ಎಂಬ ಚರ್ಚಾತಾಣದಲ್ಲಿ, ಕಾಲೇಜುಗಳ ಕನ್ಫೆಷನ್ (ತಪ್ಪೊಪ್ಪಿಗೆ) ಪೇಜ್‌ಗಳಲ್ಲಿ ಬರುತ್ತಿವೆ. ಹೇಳುವವರಿಗೆ ಹೆಸರಿಲ್ಲ, ಓದುವವರಿಗೂ ಇಲ್ಲ. ಆದರೆ ನಡುವೆ ಲಕೋಟೆ ಒಡೆಯುವ ಮೂರನೆಯವನೊಬ್ಬ ಯಾವಾಗಲೂ ಇದ್ದೇ ಇದ್ದಾನೆ. ಗುಟ್ಟು ಉಳಿಯುವುದೋ ರಟ್ಟಾಗುವುದೋ ಅವನ ಕೈಯಲ್ಲಿ.

ಇದರ ಜಾಡು 1691ರ ಲಂಡನ್ನಿನವರೆಗೆ ಸಿಗುತ್ತದೆ. ಜಾನ್ ಡಂಟನ್ ಎಂಬ ಪುಸ್ತಕ ವ್ಯಾಪಾರಿ ಆ ವರ್ಷ ‘ಅಥೀನಿಯನ್ ಮರ್ಕ್ಯುರಿ’ ಅನ್ನುವ ಪತ್ರಿಕೆ ಶುರು ಮಾಡಿದ. ಯಾರು ಬೇಕಾದರೂ ಹೆಸರು ಹೇಳದೆ ಪ್ರಶ್ನೆ ಕಳಿಸಬಹುದಿತ್ತು. ವಿಜ್ಞಾನ, ಧರ್ಮದ ಜೊತೆಗೆ ಪ್ರೀತಿ, ಮದುವೆಯ ಪೇಚಾಟಗಳೂ ಬಂದು ಬಿದ್ದವು. ಉತ್ತರ ಕೊಡುವುದು ಪಂಡಿತರ ದೊಡ್ಡ ಮಂಡಳಿ ಎಂದು ಡಂಟನ್ ಬಿಂಬಿಸಿದ್ದ. ಅಸಲಿಗೆ ಇದ್ದದ್ದು ಅವನು ಮತ್ತು ಬೆರಳೆಣಿಕೆಯ ಪರಿಚಯಸ್ಥರು! ಕೇಳುವವರೂ ಮುಸುಕಿನಲ್ಲಿ, ಹೇಳುವವರೂ ಮುಸುಕಿನಲ್ಲಿ.

ನಮ್ಮ ದೇಶದಲ್ಲಿ ಈ ಕೆಲಸವನ್ನು ತುಂಬಾ ಚೆನ್ನಾಗಿ ಮಾಡಿದವರು ಡಾ. ಮಹಿಂದರ್ ವತ್ಸ. ‘ಮುಂಬೈ ಮಿರರ್’ನಲ್ಲಿ 2005ರಲ್ಲಿ ಲೈಂಗಿಕ ಸಲಹೆಯ ಅಂಕಣ ಶುರು ಮಾಡಿದಾಗ ಅವರಿಗೆ 80 ದಾಟಿತ್ತು. ಎಂಥ ಪೆದ್ದು ಪ್ರಶ್ನೆ ಬಂದರೂ ಒಂದೆರಡು ಸಾಲಿನಲ್ಲಿ ನಗಿಸಿ, ನೇರವಾಗಿ ಉತ್ತರ ಕೊಟ್ಟುಬಿಡುತ್ತಿದ್ದರು. 2020ರಲ್ಲಿ ಅವರು ತೀರಿಕೊಂಡರು.

ಉತ್ತರವೇ ಬೇಡ, ಸುಮ್ನೆ ಹೇಳಿಕೊಂಡರೆ ಸಾಕು ಅನ್ನುವವರಿಗೆ ದಾರಿ ತೆರೆದದ್ದು ನ್ಯೂಯಾರ್ಕಿನ ಕಲಾವಿದ ಅಲನ್ ಬ್ರಿಡ್ಜ್. 1980ರಲ್ಲಿ ಆತ ಊರಿನ ಗೋಡೆಗಳಿಗೆ ಪೋಸ್ಟರ್ ಅಂಟಿಸಿ ಒಂದು ಫೋನ್ ನಂಬರ್ ಕೊಟ್ಟ. ಕರೆ ಮಾಡಿದರೆ ಮಾತು ರೆಕಾರ್ಡ್ ಮಾಡಿಕೊಳ್ಳುವ ಆನ್ಸರಿಂಗ್ ಮಷೀನ್ ಎತ್ತುತ್ತಿತ್ತು, ಮಾಡಿದ ತಪ್ಪಿಗೆ ಕ್ಷಮೆ ಕೇಳಿ ಇಟ್ಟುಬಿಡಬಹುದಿತ್ತು. ಬರಬರುತ್ತಾ ಒಬ್ಬರ ತಪ್ಪೊಪ್ಪಿಗೆಯನ್ನು ಇನ್ನೊಬ್ಬರು ಫೋನಿನಲ್ಲೇ ಕೇಳುವ ವ್ಯವಸ್ಥೆಯೂ ಬಂತು. 1995ರಲ್ಲಿ ಬ್ರಿಡ್ಜ್ ಸಾಯುವವರೆಗೆ ಇದು ನಡೆಯಿತು.

ಇಂಟರ್ನೆಟ್ಟಿಗೆ ಬಂದರೆ ಮೊದಲು ಸಿಗುವುದು ಫಿನ್ಲೆಂಡಿನ ಯೋಹಾನ್ ಹೆಲ್ಸಿಂಗಿಯುಸ್. 1993ರಲ್ಲಿ ಆತ ಶುರು ಮಾಡಿದ ಪೆನೆಟ್ ಎಂಬ ಸೇವೆ ಇಮೇಲ್‌ನಿಂದ ಕಳಿಸಿದವರ ವಿಳಾಸ ಕಿತ್ತುಹಾಕಿ, ಒಂದು ನಂಬರ್ ಹಚ್ಚಿ ಮುಂದೆ ಕಳಿಸುತ್ತಿತ್ತು. ಮನೆಯವರಿಗೂ ಹೇಳಲಾಗದ ಸಂಕಟ ಬರೆದುಕೊಳ್ಳುವವರಿಗೆ ಇದು ವರವಾಯಿತು. ಆದರೆ ಉತ್ತರ ವಾಪಸ್ ತಲುಪಬೇಕಲ್ಲ? ಯಾವ ನಂಬರ್ ಯಾರದ್ದು ಎಂಬ ಪಟ್ಟಿ ಆತನ ಕಂಪ್ಯೂಟರಿನಲ್ಲೇ ಇತ್ತು. 1995ರಲ್ಲಿ ಸೈಂಟಾಲಜಿ ಎಂಬ ಪಂಥದ ಚರ್ಚ್ ದೂರು ಕೊಟ್ಟಿತು, ಪೊಲೀಸರು ಬಾಗಿಲಿಗೆ ಬಂದರು, ಆತ ಒಬ್ಬರ ವಿಳಾಸ ಕೊಡಲೇಬೇಕಾಯಿತು. ಮುಂದಿನ ವರ್ಷ ಸೇವೆಯನ್ನೇ ಮುಚ್ಚಿದ. ಒಳ್ಳೆಯವನೇ, ಆದರೂ ಪಟ್ಟಿ ಇದ್ದ ಮೇಲೆ ಕೇಳುವವರು ಬಂದೇ ಬರುತ್ತಾರೆ.

ಪಟ್ಟಿಯೇ ಇಲ್ಲದ ಉಪಾಯ ಹೊಳೆದದ್ದು ಅಮೆರಿಕದ ಫ್ರಾಂಕ್ ವಾರನ್‌ಗೆ. 2004ರಲ್ಲಿ ತನ್ನ ವಿಳಾಸ ಬರೆದ ಸುಮಾರು 3000 ಖಾಲಿ ಪೋಸ್ಟ್‌ಕಾರ್ಡ್ ಹಂಚಿದ. ಗುಟ್ಟು ಬರೆದು ಡಬ್ಬಿಗೆ ಹಾಕಿ ಅಂದ, ಅಷ್ಟೇ. ಬಂದದ್ದನ್ನು ‘ಪೋಸ್ಟ್‌ಸೀಕ್ರೆಟ್’ ಹೆಸರಿನಲ್ಲಿ ನೆಟ್‌ಗೆ ಏರಿಸಿದ. ಕಳಿಸಿದವರು ಯಾರೆಂದು ವಾರನ್‌ಗೂ ಗೊತ್ತಿಲ್ಲ. ಅಂಚೆ ಡಬ್ಬಿಯಷ್ಟು ಬಾಯಿ ಬಿಗಿ ಇಟ್ಟುಕೊಳ್ಳುವ ಆಪ್ ಇವತ್ತಿಗೂ ಬಂದಿಲ್ಲ ಅನ್ನುವುದು ನನ್ನ ಅನಿಸಿಕೆ.

ಇಲ್ಲಿಯವರೆಗೆ ಇದ್ದದ್ದು ಹೆಚ್ಚಾಗಿ ತಪ್ಪು, ನೋವು, ಪಶ್ಚಾತ್ತಾಪ. ನಗು ಜೋರಾಗಿ ಒಳಗೆ ಬಂದದ್ದು 2008ರಲ್ಲಿ, ಫ್ರಾನ್ಸಿನ ‘ವೀ ದ ಮೆರ್ದ್’ ತಾಣದಿಂದ. ಮರುವರ್ಷ ಅದು ‘ಎಫ್‌ಮೈಲೈಫ್’ ಆಗಿ ಇಂಗ್ಲಿಷಿಗೂ ಬಂತು. ನಿಯಮ ಸರಳ: ‘ಇವತ್ತು’ ಎಂದು ಶುರು ಮಾಡಬೇಕು, ಎರಡು ಮೂರು ಸಾಲಿನಲ್ಲಿ ಮುಗಿಸಬೇಕು, ಕೊನೆಗೆ ‘ಥೂ ನನ್ನ ಬಾಳೇ’ ಅನ್ನುವ ಅರ್ಥದ ‘ಎಫ್‌ಎಂಎಲ್’ ಎಂಬ ಮೂರಕ್ಷರದ ಮುದ್ರೆ. ಕನ್ನಡದಲ್ಲಿ ಬರೆದರೆ ಹೀಗಿರುತ್ತಿತ್ತೇನೋ: ‘ಇವತ್ತು ಮದುವೆ ಮನೆಯಲ್ಲಿ ಹುಡುಗಿಯ ಅಪ್ಪನ ಕಾಲಿಗೆ ಭಕ್ತಿಯಿಂದ ಬಿದ್ದೆ. ಎದ್ದಾಗ ಗೊತ್ತಾಯ್ತು, ಅವರು ಅಡುಗೆ ಕಂಟ್ರ್ಯಾಕ್ಟರ್. ಹುಡುಗಿಯ ಅಪ್ಪ ಪಕ್ಕದಲ್ಲೇ ನಿಂತಿದ್ದರು.’ ಕೆಳಗೆ ಓದುಗರಿಗೆ ಎರಡು ಬಟನ್. ಒಂದು, ‘ಹೌದಪ್ಪಾ, ನಿನ್ನ ಪಾಡು ಯಾರಿಗೂ ಬೇಡ’. ಇನ್ನೊಂದು, ‘ಹಾಗೇ ಆಗಬೇಕು ನಿನಗೆ’. ಯಾವ ಕಥೆ ಪ್ರಕಟವಾಗಬೇಕು ಅನ್ನುವುದಕ್ಕೂ ಓದುಗರೇ ಮತ ಹಾಕುತ್ತಿದ್ದರು. ಸಂಪಾದಕನ ಕುರ್ಚಿಯಲ್ಲಿ ಜನರೇ ಕೂತಂತಾಯಿತು. ಮುಜುಗರ ಅನುಭವಿಸಿದವನಿಗೂ ಒಂದು ಲಾಭ ಇತ್ತು. ಪೆಟ್ಟು ತಿಂದದ್ದು ತಾನೇ ಆದರೂ, ಚೆನ್ನಾಗಿ ಹೇಳಿದ್ದಕ್ಕೆ ಚಪ್ಪಾಳೆಯೂ ತನಗೇ.

2013ರ ಸುಮಾರಿಗೆ ಭಾರತದ ಕಾಲೇಜುಗಳಲ್ಲಿ ಫೇಸ್‌ಬುಕ್ ಕನ್ಫೆಷನ್ ಪೇಜ್‌ಗಳ ಹಾವಳಿ ಎದ್ದಿತು. ಯಾರೋ ಒಬ್ಬ ಹುಡುಗ ಗೂಗಲ್ ಫಾರ್ಮ್ ಮಾಡಿ ಲಿಂಕ್ ಹಾಕುತ್ತಾನೆ, ಬಂದದ್ದಕ್ಕೆ ನಂಬರ್ ಕೊಟ್ಟು ಪೋಸ್ಟ್ ಮಾಡುತ್ತಾನೆ. ತೊಂದರೆ ಏನೆಂದರೆ ಇಲ್ಲಿ ಓದುವವರು ಅಪರಿಚಿತರಲ್ಲ, ಪಕ್ಕದ ಬೆಂಚಿನವರು. ‘ಮೂರನೇ ಸೆಮ್, ಕೆಂಪು ಬ್ಯಾಗ್’ ಅಂದರೆ ಸಾಕು, ಯಾರೆಂದು ಗೊತ್ತಾಗಿಬಿಡುತ್ತದೆ. ತನ್ನ ಕಥೆ ಹೇಳುವ ಜಾಗ ಬೇಗನೆ ಇನ್ನೊಬ್ಬರ ಮಾನ ಕಳೆಯುವ ಜಾಗವೂ ಆಯಿತು.

ಇದೇ ಹೊತ್ತಿಗೆ ಆಪ್‌ಗಳೂ ಬಂದವು. 2012ರ ‘ವಿಸ್ಪರ್’ ಹೆಸರೇ ಕೇಳುತ್ತಿರಲಿಲ್ಲ. ಆದರೆ 2020ರಲ್ಲಿ ಅದರ ಸುಮಾರು 90 ಕೋಟಿ ಪೋಸ್ಟ್‌ಗಳ ಡೇಟಾಬೇಸ್ ಪಾಸ್‌ವರ್ಡ್ ಇಲ್ಲದೆ ತೆರೆದು ಬಿದ್ದಿರುವುದು ‘ವಾಷಿಂಗ್ಟನ್ ಪೋಸ್ಟ್’ ವರದಿಯಿಂದ ಗೊತ್ತಾಯಿತು. ಹೆಸರಿರಲಿಲ್ಲ, ನಿಜ. ವಯಸ್ಸು, ಊರು, ಕೊನೆಯ ಬಾರಿ ಎಲ್ಲಿಂದ ಬರೆದದ್ದು, ಇವೆಲ್ಲ ಇದ್ದವು.

ಇನ್‌ಸ್ಟಾಗ್ರಾಂ ಹುಡುಗರ ನಡುವೆ ಓಡಿದ ‘ಎನ್‌ಜಿಎಲ್’ ಆಪ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಬರುವ ಅನಾಮಿಕ ಪ್ರಶ್ನೆಗಳಲ್ಲಿ ಎಷ್ಟೋ ಗೆಳೆಯರದ್ದಲ್ಲ, ಕಂಪನಿಯೇ ಕಳಿಸಿದ್ದು ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಯಾರು ಕಳಿಸಿದ್ದು ಅಂತ ತಿಳಿಯಬೇಕಾ? ವಾರಕ್ಕೆ 9.99 ಡಾಲರ್‌ವರೆಗೆ ಕೊಡಿ. ಕೊಟ್ಟರೂ ಸಿಗುತ್ತಿದ್ದದ್ದು ಬರೀ ಸುಳಿವು. 2024ರ ಜುಲೈನಲ್ಲಿ ಕಂಪನಿ 50 ಲಕ್ಷ ಡಾಲರ್ ಕಟ್ಟಲು ಒಪ್ಪಿತು, 18 ದಾಟದವರಿಗೆ ಆಪ್ ಕೊಡುವುದಿಲ್ಲ ಎಂದೂ ಒಪ್ಪಿಕೊಂಡಿತು.